ತಟ್ಟೆಯಲ್ಲಿ ಉಳಿದದ್ದು

ರೀಥಾ ಅತ್ತೆ ಮೂವತ್ತೊಂದು ವರ್ಷ
ಶಾಲೆಯ ಅಡುಗೆಮನೆಯಲ್ಲಿ ದುಡಿದವಳು.
ಮಕ್ಕಳಿಗೇನು ಸೇರುತ್ತದೆಂದು
ಮಕ್ಕಳನ್ನು ಒಂದು ದಿನವೂ ಕೇಳಿದವಳಲ್ಲ.
ತೊಳೆಯಲು ಬಂದ ತಟ್ಟೆಗಳನ್ನು ನೋಡುವಳು:
ಬಟಾಣಿ ಹಾಗೇ, ಆಲೂಗಡ್ಡೆ ಬಳಿದು ನೆಕ್ಕಿದ ಹಾಗೆ.
"ಬಾಸ್ ಮೀನಿಗೂ ಇದೇ ಲೆಕ್ಕ ಕಣೋ.
ಬಾಯಿ ಏನು ಬೇಕಾದರೂ ಕಚ್ಚೀತು,
ಗಂಟಲು ಸುಳ್ಳು ಹೇಳುವುದಿಲ್ಲ."

ಅದು ಮಾರ್ಚ್. ಅಲಬಾಮಾದ ಉತ್ತರಕ್ಕೆ
ಟೆನೆಸ್ಸೀ ನದಿ ಅಣೆಕಟ್ಟಿಗೆ ಎದೆಗೊಟ್ಟು
ಕೆರೆಯಷ್ಟು ಅಗಲವಾದ ಕಡೆ
ನಮ್ಮ ತಗಡಿನ ದೋಣಿ, ಕೈ ಕೊರೆಯುವ ಗಾಳಿ.
ನನಗೆ ಹನ್ನೊಂದು.
ಕ್ರಿಸ್‌ಮಸ್ ಕಳೆದ ವಾರ
ಒಂದು ಚೀಲ, ಒಂದು ಜೊತೆ ಬೂಟಿನೊಂದಿಗೆ
ನನ್ನನ್ನು ಅವಳ ಬಾಗಿಲಿಗೆ ತಂದು ಬಿಟ್ಟಿದ್ದರು.
ಅವಳು ಏನೂ ಕೇಳಲಿಲ್ಲ, ನಾನು ಹೇಳಲಿಲ್ಲ.

ನಡುನೀರಲ್ಲಿ ಬಿಳಿಹಕ್ಕಿಗಳು ಎರಗಿ ಏಳುತ್ತಿದ್ದವು.
ಕೆಳಗೆ ಶ್ಯಾಡ್ ಮರಿಗಳ ಹಿಂಡು,
ಯಾರದೋ ಜೇಬು ಹರಿದು ಚಿಲ್ಲರೆ ಚೆಲ್ಲಿದಂತೆ.
ನಾನು ಬೆಳ್ಳಿಬಣ್ಣದ ಹುಸಿಮೀನು ಎಸೆದೆ.
ಸುತ್ತಲಿನ ದೋಣಿಗಳೂ ಬೆಳ್ಳಿಯನ್ನೇ ಎಸೆದವು.
ಎರಡು ತಾಸು. ಒಂದು ತುಟಿಯೂ ತಾಗಲಿಲ್ಲ.
"ಹಕ್ಕಿಯ ಊಟ ಹಕ್ಕಿಗೆ," ಅಂದಳು ಅತ್ತೆ,
"ನಮ್ಮವರು ಆ ಪಂಕ್ತಿಯಲ್ಲಿ ಕೂತಿಲ್ಲ."

ದಡದ ಕಲ್ಲುರಾಶಿಯ ಮೇಲೊಂದು ಬಕ.
ಧ್ಯಾನವೂ ಇಲ್ಲ, ನಟನೆಯೂ ಇಲ್ಲ,
ಕತ್ತು ಬಗ್ಗಿಸಿ
ಕಳೆದುಹೋದ ಕೀಲಿ ಹುಡುಕುವವರಂತೆ
ಸಂದಿ ಸಂದಿ ಇಣುಕುತ್ತಿತ್ತು.
ಅವಳು ಎಂಜಿನ್ ಆರಿಸಿ ಅದನ್ನೇ ನೋಡಿದಳು, ಬಹಳ ಹೊತ್ತು.

ಅಲ್ಲಿ, ತಪ್ಪಿ ಎಂಬಂತೆ, ಒಂದು ಕಚ್ಚಿತು.
ಅಂಗೈಯಗಲದ್ದು. ಅಳೆಯಲೂ ನಾಚಿಕೆ.
ಅತ್ತೆ ಕೈ ಒದ್ದೆ ಮಾಡಿಕೊಂಡು
ಹೆಬ್ಬೆರಳಿಂದ ಕೆಳದವಡೆ ಹಿಡಿದು ಬೆಳಕಿಗೆ ತಿರುಗಿಸಿದಳು.
ಗಲ್ಲದಡಿ ತರಚಿದ ಕೆಂಪು,
ಕಲ್ಲಿಗೆ ಮೂತಿ ಉಜ್ಜಿದ ಗುರುತು.
ಹೊಟ್ಟೆ ಒತ್ತಿದರೆ ಜಲ್ಲಿ ಕಟ್ಟಿದ ಗಂಟು.
ಗಂಟಲಾಳದಿಂದ ಎರಡು ಮೀಸೆ,
ಇಟ್ಟಿಗೆ ಬಣ್ಣದ ಒಂದು ಇಕ್ಕುಳ
ಹೊರಗಿನ ಗಾಳಿಯತ್ತ ಇನ್ನೂ ಚಾಚಿಕೊಂಡು.

"ಸಿಗಡಿ," ಅಂದಳು, "ಕಲ್ಲಡಿಯದು. ಚಳಿ ಬಿಟ್ಟೆದ್ದು ಬಂದಿದೆ."
ಮೀನನ್ನು ನೀರಿಗೆ ಬಿಟ್ಟಳು. ಪೆಟ್ಟಿಗೆ ತಡಕಿ
ಕಂದು ಮೈಗೆ ತುಕ್ಕಿನ ಅಂಚಿನದೊಂದು ಕಟ್ಟಿಕೊಟ್ಟಳು.
"ತಳ ಮುಟ್ಟಲಿ. ಎಳೆಯಬೇಡ, ತೆವಳಿಸು.
ಕಲ್ಲು ತಡೆದರೆ ನೀನೂ ತಡೆ.
ಆಮೇಲೆ ಒಂದೇ ಒಂದು ಜಗ್ಗು.
ಹೆದರಿದಾಗ ಅದು ಹಿಂದುಹಿಂದಕ್ಕೇ ಓಡುತ್ತದೆ,
ಯಾರಿಗೂ ಬೆನ್ನು ಕೊಡದೆ."

ಮೂರನೆಯ ಎಸೆತಕ್ಕೆ ದಾರ ಭಾರವಾಯಿತು.
ಕಲ್ಲೆಂದುಕೊಂಡೆ. ಕಲ್ಲು ನಡೆಯಿತು.

ಮಧ್ಯಾಹ್ನ ಅವಳು ನನ್ನ ಬುತ್ತಿ ತೆರೆದು ನೋಡಿದಳು:
ಹ್ಯಾಮ್ ಇಟ್ಟ ಬ್ರೆಡ್ಡು ಕಟ್ಟಿದಂತೆಯೇ ಇತ್ತು,
ಪೀಚ್ ಹಣ್ಣಿನ ಡಬ್ಬಿ ಖಾಲಿ,
ತಳದ ಪಾಕವೂ ಇರಲಿಲ್ಲ.
ಮುಚ್ಚಿದಳು. ಏನೂ ಅನ್ನಲಿಲ್ಲ.

ರಾತ್ರಿಪಾಳಿ ಮುಗಿಸಿ ಬಂದ ಅಮ್ಮ
ಕೋಟು ಬಿಚ್ಚದೆ, ಸಿಂಕಿನ ಮುಂದೆ ನಿಂತಲ್ಲೇ
ಇಂಥದೇ ಡಬ್ಬಿ ಕೊರೆದು, ಒಂದೇ ಚಮಚದಲ್ಲಿ
ನನಗೊಂದು, ತನಗೊಂದು,
ಕೊನೆಯ ಹೋಳಿಗೆ ಸುಳ್ಳು ಜಗಳ.
ಇದೆಲ್ಲ ಅತ್ತೆಗೆ ಗೊತ್ತಿರಲಿಲ್ಲ.
ಮರುದಿನ ಬುತ್ತಿಯಲ್ಲಿ ಎರಡು ಡಬ್ಬಿಗಳಿದ್ದವು,
ಚಮಚವೂ ಎರಡು.

ಈಗ ಆ ತಗಡಿನ ದೋಣಿ ನನ್ನದು.
ಪಕ್ಕಕ್ಕೊಂದು ತೂತಿದೆ, ಟಾರು ಮೆತ್ತಿದ್ದೇನೆ.
ಬಕ ಎಲ್ಲಿ ನಿಂತಿದೆ ನೋಡಬೇಕು,
ಮೊದಲ ಮೀನಿನ ಗಂಟಲು ನೋಡಬೇಕು,
ಎಲ್ಲ ಗೊತ್ತು.
ಆದರೂ ಹಕ್ಕಿಗಳು ಎರಗುವುದು ಕಂಡರೆ ಸಾಕು,
ಮೊದಲು ಬೆಳ್ಳಿಯದನ್ನೇ ಎಸೆಯುತ್ತೇನೆ.