ಅರ್ಧ ಸಾಲು

ಬೆಳಿಗ್ಗೆ ಐದಕ್ಕೆ ಕಾವೇರಿ ನೀರು ಬರುವ ಹೊತ್ತಿಗೇ
ಫೋನೂ ಶುರು ಮಾಡುತ್ತದೆ: ಟಿಂಗ್.
ಕೊಳಾಯಿಗಾದರೆ ಒಂದು ದಿನ ಬಿಟ್ಟು ಒಂದು ದಿನ,
ಇದಕ್ಕೆ ಆ ನಿಯಮವೂ ಇಲ್ಲ.

ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸು,
ನಾನೆಂದೂ ಕಾಲಿಡದ ಮಾಲಿನಲ್ಲಿ ಅರ್ಧ ಬೆಲೆ,
ಯಾರದೋ ಹುಟ್ಟುಹಬ್ಬ ಮರೆಯಬೇಡಿ ಎಂದು ಇಮೇಲು.
ಆಮೇಲೆ ಗಿರಾಕಿಗಳು, ಒಬ್ಬೊಬ್ಬರೇ, ಗುಟ್ಟಾಗಿ:
ಆಂಟಿ, ಆಯ್ತಾ?
ಆಂಟಿ, ಕತ್ತು ಇನ್ನೊಂದಿಂಚು ಇಳಿಸಿ, ಅಮ್ಮನಿಗೆ ಹೇಳಬೇಡಿ.
ಆಂಟಿ, ತೋಳು ಮೊಣಕೈವರೆಗೂ ಇರಲಿ, ಅತ್ತೆ ಬರ್ತಿದಾರೆ.
ಕಾಮಾಕ್ಷಿಪಾಳ್ಯದ ಅರ್ಧ ಗುಟ್ಟು
ನನ್ನ ಸೊಂಟದಲ್ಲಿ ನಡುಗುತ್ತಾ ಕೂತಿರುತ್ತದೆ.

ಸೂಜಿ ಕಣ್ಣಿಗೆ ದಾರ ಹಿಡಿದಾಗ ಟಿಂಗ್.
ಬೆರಳಿಗೆ ಚುಚ್ಚಿ, ಯಾರದೋ ಹಸಿರು ರೇಷ್ಮೆಯ ಮೇಲೆ
ಸಾಸಿವೆಯಷ್ಟು ರಕ್ತ.
ಉಗುಳು ಹಚ್ಚಿ ಉಜ್ಜಿದೆ, ಹೋಯಿತು.
ಅವತ್ತೇ ತೀರ್ಮಾನ ಮಾಡಿದೆ.

ಝೆರಾಕ್ಸ್ ಅಂಗಡಿಯ ಮುರ್ತುಜ ತೋರಿಸಿಕೊಟ್ಟ,
ಗಂಟೆಯ ಚಿತ್ರ ಒತ್ತಿದರೆ ಅದರ ಮೇಲೊಂದು ಗೀಟು ಬೀಳುತ್ತದೆ.
ಬೀಳುವ ಮುಂಚೆ ಕೇಳುತ್ತದೆ:
ಎಂಟು ಗಂಟೆಗಾ? ಒಂದು ವಾರಕ್ಕಾ? ಯಾವಾಗಲೂನಾ? ಖಚಿತವೇ?
ಮದುವೆ ಮಾಡುವಾಗ ಕೂಡ
ನನ್ನನ್ನು ಯಾರೂ ಇಷ್ಟು ಸಲ ಕೇಳಿರಲಿಲ್ಲ.

ತಪ್ಪು ಹೊಲಿಗೆ ಬಿಚ್ಚುವ ಹಾಗೆ ಬಿಚ್ಚುತ್ತಾ ಬಂದೆ.
ಬ್ಯಾಂಕು ಹೋಯಿತು, ಮಾಲು ಹೋಯಿತು,
ಗೊತ್ತಿಲ್ಲದವರ ಹುಟ್ಟುಹಬ್ಬಗಳು ಹೋದವು.
ಎಲ್ಲಕ್ಕಿಂತ ಕೆಳಗೆ, ಹನ್ನೊಂದು ದಿನದಿಂದ ನಾನು ತೆರೆಯದ
ಫಿಲೋಮಿನಾ.

ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ
ಅವಳು ಕಾಲರು, ನಾನು ಕಫ್ಫು.
ಚೀಟಿ ದುಡ್ಡು, ಹನ್ನೆರಡು ಸಾವಿರಕ್ಕೆ, ಮಾತು ಬಿಟ್ಟು ಆರು ವರ್ಷ.
ತಪ್ಪು ಯಾರದು ಎಂದು ಈಗ ಕೇಳಿದರೆ
ನನ್ನ ಲೆಕ್ಕದ ಪುಸ್ತಕವೂ ತಡವರಿಸುತ್ತದೆ.

ಫೋನು ಹೊರಗಿನಿಂದ ತೋರಿಸುವುದು ಇಷ್ಟೇ:
"ಚೀಟಿ ವಿಷಯ ಅಲ್ಲ ಕಣೇ, ನಿನ್ನ ಹತ್ರ ಇರೋ ನನ್ನ…"
ಮೂರು ಚುಕ್ಕಿ.
ಒಳಗೆ ಹೋದರೆ ಗೀಟು ನೀಲಿಯಾಗಿ
ಓದಿದ್ದು ಅವಳಿಗೆ ತಿಳಿದುಹೋಗುತ್ತದೆ.
ಓದಿ ಸುಮ್ಮನಿರುವುದು ಬೇರೆ, ಓದದೆ ಸುಮ್ಮನಿರುವುದು ಬೇರೆ.

ಏನಿದೆ ನನ್ನ ಹತ್ತಿರ ಅವಳದ್ದು?
ರಾತ್ರಿ ಅಟ್ಟದ ಟ್ರಂಕು ಇಳಿಸಿ ಹುಡುಕಿದೆ.
ಮುಚ್ಚಳ ಕೂರದ ಸ್ಟೀಲು ಡಬ್ಬಿ.
ಲಾಲ್‌ಬಾಗಿನಲ್ಲಿ ತೆಗೆಸಿದ ಫೋಟೊ, ಇಬ್ಬರ ಕಣ್ಣೂ ಮುಚ್ಚಿದೆ.
ಮತ್ತೆ, ಶಿಫ್ಟು ಮುಗಿದ ಮೇಲೆ ಬಸ್‌ಸ್ಟಾಪಿನಲ್ಲಿ
ಮುಖ ನೋಡದೆ ಅವಳು ಹೇಳಿದ್ದ ಒಂದು ಸಂಗತಿ.
ನಿನ್ನಲ್ಲೇ ಇರಲಿ, ಅಂದಿದ್ದಳು.
ಇದ್ದೇ ಇದೆ. ಜಗಳದ ದಿನ ನಾಲಿಗೆಯ ತುದಿಗೆ ಬಂದಿದ್ದೂ
ನುಂಗಿಕೊಂಡಿದ್ದೆ.
ಅದನ್ನು ವಾಪಸು ಕೊಡುವುದು ಹೇಗೆ,
ಯಾವ ಕವರಿಗೆ ಹಾಕಿ?

ಐದಕ್ಕೆ ನೀರು ಬಂತು. ಫೋನು ಸುಮ್ಮನಿತ್ತು.
ಬಿಂದಿಗೆ ತುಂಬುತ್ತಾ ತುಂಬುತ್ತಾ
ಅದರ ದನಿ ಸಣ್ಣಗಾಗುತ್ತದೆ, ಮರೆತೇ ಹೋಗಿತ್ತು.
ಒದ್ದೆ ಬೆರಳಲ್ಲೇ ಒತ್ತಿದೆ.

"…ನನ್ನ ಅಳತೆ ರವಿಕೆ ಕೊಟ್ಟು ಕಳಿಸು. ಮಗಳ ನಿಶ್ಚಯ ಇದೆ.
ಇಲ್ಲಿಯವರು ಹೊಲಿದಿದ್ದೆಲ್ಲ ಕಂಕುಳಲ್ಲಿ ಹಿಡಿಯತ್ತೆ."

ಅಷ್ಟೇ.
ನೀನೇ ಹೊಲಿ ಎನ್ನಲಿಲ್ಲ.
ಆ ರವಿಕೆ ಟ್ರಂಕಿನಲ್ಲೆಲ್ಲಿ, ಅಂಗಡಿಯ ಮೊಳೆಗೇ ತೂಗುಹಾಕಿದ
ಅಳತೆ ಬಟ್ಟೆಗಳ ಗಂಟಿನ ತಳದಲ್ಲಿತ್ತು,
ದಿನಾ ನನ್ನ ತಲೆಗೆ ತಾಗುತ್ತಾ.

ಬರೆದೆ, ಅಳಿಸಿದೆ. ಬರೆದೆ:
ಆರು ವರ್ಷದ ಹಿಂದಿನದು ಈಗೆಲ್ಲಿ ಆಗತ್ತೆ?
ಬಾ, ಟೇಪು ಹಿಡಿಯಬೇಕು.

ಒಂದು ಗೀಟು. ಎರಡು.
ಉಳಿದೆಲ್ಲ ಗಂಟೆಗಳ ನಾಲಿಗೆ ಕಟ್ಟಿ
ಇದೊಂದನ್ನು ಬಿಟ್ಟಿದ್ದೇನೆ.
ಬಿಂದಿಗೆ ತುಂಬಿ ಮೋರಿಗೆ ಹರಿಯುತ್ತಿದೆ,
ಏಳಬೇಕು, ಕೊಳಾಯಿ ತಿರುಗಿಸಬೇಕು.