ಹಳದಿ ಬಳೆ

ಬ್ರನ್ನೊಯ್‌ಸುಂಡ್ ಬಿಟ್ಟು ಐವತ್ತು ನಿಮಿಷ.
ಕೆಳಗೆ ನಾರ್ವೆಯ ಕಡಲು, ಬೂದಿ ಹಚ್ಚಿ ತಿಕ್ಕಿ
ತೊಳೆಯದೆ ಬಿಟ್ಟ ಹಂಡೆಯ ಹಾಗೆ.
ಹಿಂದೆ ಹನ್ನೊಂದು ಜನ, ಕಿತ್ತಳೆ ಬಣ್ಣದ ರಬ್ಬರ್ ಉಡುಪು,
ಗಂಟಲ ತನಕ ಜಿಪ್, ಬೆವರು, ನಿದ್ದೆ.
ಬಲಗಡೆ ನಾನು. ಎಡಗಡೆ ಐಲಿಫ್,
ತೇಲುವ ಹಡಗಿನ ಮೇಲೆ ಇದು ಅವನ ನಾಲ್ಕನೆಯ ಸಲ.

ಗಾಳಿ ವಾಯವ್ಯದ್ದು. ಡೆಕ್ಕು ಎಡಕ್ಕೆ ಸಿಗುತ್ತದೆ.
ಅಂದರೆ ಇವತ್ತು ಕೈ ಅವನದು,
ಎದೆಬಡಿತ ನನ್ನದು.

'ಹಾವ್ಸೂಲೆ'ಯ ರೇಡಿಯೋದಲ್ಲಿ ಗುರೊ
ಸಂತೆಯಲ್ಲಿ ಬದನೆಕಾಯಿಯ ರೇಟು ಹೇಳುವವಳಂತೆ:
ಮುಂದಕ್ಕೆ ತೊನೆತ ಎರಡು ಡಿಗ್ರಿ, ಪಕ್ಕಕ್ಕೆ ಎರಡೂವರೆ,
ಏರಿಳಿತ ಸೆಕೆಂಡಿಗೆ ಮೀಟರಿಗಿಂತ ಚೂರು ಕಮ್ಮಿ.
ಚೌಕಾಸಿ ಇಲ್ಲ.

ನೆಲದಲ್ಲಿರುವಾಗ ಅವನಿಗೆ ಹೇಳಿದ್ದೆ:
ಡೆಕ್ಕನ್ನೇ ನೋಡಬೇಡ.
ನೋಡಿದೆಯೋ, ಅದು ಏರಿದರೆ ಏರುತ್ತೀ, ಇಳಿದರೆ ಇಳಿಯುತ್ತೀ,
ಹಸುವಿನ ಹಿಂದೆ ಮೂಗು ಚಾಚಿದ ಕರುವಾಗುತ್ತೀ.
ದಿಗಂತ ನೋಡು.
"ದಿಗಂತಕ್ಕೆ ಇವತ್ತು ರಜೆ," ಅಂದ ಈಗ,
ಮೋಡ ನೀರಿಗೆ ಅಂಟಿಕೊಂಡ ಕಡೆ ಕಣ್ಣು ನೆಟ್ಟು.

ನನ್ನ ಅಪ್ಪ ಲೋಫೋಟನ್‌ನಲ್ಲಿ ದೋಣಿ ನಡೆಸುತ್ತಿದ್ದ,
ದೊಡ್ಡ ಹಡಗುಗಳಿಗೆ ದಾರಿ ತೋರುವವರನ್ನು
ಹಗ್ಗದ ಏಣಿಯವರೆಗೆ ಮುಟ್ಟಿಸುವ ಕೆಲಸ.
ಅಲೆಯ ನೆತ್ತಿಯಲ್ಲೇ ಏಣಿ ಹಿಡಿ, ಅನ್ನುತ್ತಿದ್ದ,
ತಗ್ಗಿನಲ್ಲಿ ಹಿಡಿದರೆ
ದೋಣಿ ಮೇಲೆದ್ದು ಬಂದು ಕಾಲು ಕೇಳುತ್ತದೆ.
ಅವನ ಎಡಗಾಲಿನಲ್ಲಿ ಬೆರಳು ಮೂರೇ.
ಬೇರೆ ಪಾಠಪುಸ್ತಕ ನಮ್ಮ ಮನೆಯಲ್ಲಿರಲಿಲ್ಲ.

ಮೊದಲ ಸಲ.
ವೇಗ ಮೂವತ್ತು, ಇಪ್ಪತ್ತು, ನಾನು ಓದುತ್ತೇನೆ, ಅವನು ಕೇಳುತ್ತಾನೆ.
ಟರ್ಬೈನು ಕೊಳವೆಯ ಬಿಸಿ ಗಾಳಿ ಅಡ್ಡ ಬಂತು,
ಯಂತ್ರ ಒಮ್ಮೆ ಬಿಕ್ಕಿತು.
ಡೆಕ್ಕು ಕೆಳಗೆ ಸರಿಯಾಗಿಯೇ ಇತ್ತು, ಹಸಿರು, ಒದ್ದೆ,
ಹಗ್ಗದ ಬಲೆ ಹೊದ್ದು, ನಟ್ಟ ನಡುವೆ ಹಳದಿ ಬಳೆ.
ಬಾ ಅನ್ನುವಂತೆಯೇ ಇತ್ತು.
"ಬೇಡ. ಹೋಗ್ತಾ ಇದ್ದೀನಿ," ಅಂದ ಐಲಿಫ್.
ಮೂಗು ತಗ್ಗಿತು, ಹಡಗು ಎಡಕ್ಕೆ ಜಾರಿತು,
ಹಿಂದೆ ಯಾರೋ ಎಚ್ಚರಾಗಿ ಬೈದರು.

ನಾನಾಗಿದ್ದರೆ ಇಳಿಸಿಬಿಡುತ್ತಿದ್ದೆ.

ಎರಡನೆಯ ಸಲ.
ಡೆಕ್ಕಿನ ಪಕ್ಕಕ್ಕೆ ಬಂದು ನೀರಿನ ಮೇಲೇ ನಿಂತ,
ರೆಕ್ಕೆಯ ಗಾಳಿಗೆ ಒರಗಲು ಏನೂ ಇಲ್ಲದ ಕಡೆ,
ಹೊಸ್ತಿಲಾಚೆ ನಿಂತ ನೆಂಟನಂತೆ.
ಒಂದು ಅಲೆ ಹೋಯಿತು. ಅದರ ಅಣ್ಣ ಹೋದ.
ಮೂರನೆಯದು ಹಡಗನ್ನು ಎತ್ತಿ ತೂಗಿ ನೋಡಿ ಕೆಳಗಿಟ್ಟಿತು.
ಆಮೇಲೆ
ಕಡಲು ಉಗುಳು ನುಂಗುವಷ್ಟು ಹೊತ್ತು.
ಪಕ್ಕಕ್ಕೆ ಸರಿದ. ಬಳೆ ಅವನ ಸೀಟಿನ ಕೆಳಗೆ ಬಂತು.
ಸೀಟು ಬಳೆಯ ಮೇಲಿದ್ದರೆ ಬಾಲ ಕ್ರೇನಿಗೆ ತಾಗದು, ಅಷ್ಟೇ ಲೆಕ್ಕ.
ಹೂವಿನಂತೆ ಇಳಿಸುವುದು ಇಲ್ಲಿ ಸೊಕ್ಕು;
ಧಪ್ಪನೆ ಇಟ್ಟ, ಅಕ್ಕಿ ಮೂಟೆ ಇಟ್ಟಂತೆ,
ಕೈಯ ಸನ್ನೆಕೋಲು ತಳಕ್ಕೆ ಒತ್ತಿದ.

ಇಬ್ಬರು ಬಗ್ಗಿ ಓಡಿ ಬಂದು
ಚಕ್ರಗಳಿಗೆ ಅಡೆ ಕೊಟ್ಟು ಹೆಬ್ಬೆರಳು ಎತ್ತಿದರು.
ಮೇಲೆ ರೆಕ್ಕೆ ಇನ್ನೂ ತಿರುಗುತ್ತಿದೆ.
ಹನ್ನೊಂದು ಜನ ತಲೆ ತಗ್ಗಿಸಿ ಇಳಿದರು.
ಬೈದವನು ಯಾರೆಂದು ಗೊತ್ತಾಗಲಿಲ್ಲ.
ಗಾಜಿನ ಹಿಂದಿನ ಪುಟ್ಟ ದಿಗಂತ
ಎಡಕ್ಕೆ ವಾಲಿ, ನಿಂತು, ಬಲಕ್ಕೆ ವಾಲುತ್ತಿದೆ.
ನಾವೇನೋ ಇಳಿದಿದ್ದೇವೆ. ನೆಲ ಇನ್ನೂ ಇಳಿದಿಲ್ಲ.

ಐಲಿಫ್ ಕೈಗವಸು ತೆಗೆದ. ಒಳಗೆಲ್ಲ ಒದ್ದೆ.
ಇಂಧನದ ಮುಳ್ಳನ್ನು ಎರಡೆರಡು ಸಲ ನೋಡುವ ನೆಪ.
"ಕಾಫಿ ಕಳಿಸಲಾ? ಹನ್ನೆರಡು ನಿಮಿಷ ಇದೆ," ಗುರೊ.
"ಸಕ್ಕರೆ ಎರಡು ಚಮಚ," ಅಂದ.
ನನಗೂ ಅಷ್ಟೇ, ಅಂದೆ,
ನಾನು ಸಕ್ಕರೆ ಬಿಟ್ಟು ವರ್ಷಗಳಾಗಿದ್ದರೂ.

ಮೊದಲ ಸಲದ ಮಾತು
ಅವನಿಗೆ ಇನ್ನೂ ಹೇಳಿಲ್ಲ.