ಹಿಂದಿನ ಸೀಟಿನ ಕೆಳಗೆ

ಹೊಸೂರು, ರಾಯಕೋಟೆ ರಸ್ತೆ. ನನ್ನ ಶೆಡ್ಡಿಗೆ ಬಂದ
ಎಸ್ಟೀಮ್ ಕಾರಿನ ಬಣ್ಣ ಒಂದು ಕಾಲಕ್ಕೆ ಮರೂನು.
ಗುಲಾಬಿ ಬೆಳೆಯೋ ಕೋದಂಡರಾಮನ್
ಕೊಯಮತ್ತೂರಿಂದ ಟರ್ಬೊ ತರಿಸಿ ಕೂರಿಸಿದ್ದಾನೆ.
ಆ ಬಾಯಾರಿಕೆಗೆ ಹಳೇ ಪಂಪು ಸಾಲದೆ
ಏರು ಸಿಕ್ಕಲ್ಲೆಲ್ಲ ಉಸಿರು ಬಿಡುತ್ತಿತ್ತು.
ಕೃಷ್ಣಗಿರಿಯಲ್ಲಿ ಯಾರೋ ಹೊಸದು ಹಾಕಿಕೊಟ್ಟರು,
ಗಂಟೆಗೆ ಇನ್ನೂರೈವತ್ತು ಲೀಟರ್ ದೂಡುವಂಥದ್ದು.
ಈಗ ಕಾರು ಓಡುತ್ತೆ. ಓಡೋವಷ್ಟು ಹೊತ್ತೂ ಅಳುತ್ತೆ.

"ಇರೈಚ್ಚಲ್" ಅಂದ ಅವನು.
"ಮೋತ" ಅಂದ, ತಾತನ ಹೆಸರು ಹೊತ್ತ ನಮ್ಮ ಹುಡುಗ ಗುರ್ರಪ್ಪ.
"ಗುಂಯ್ ಅಂತದೆ" ಅಂದಳು ಟೀ ತಂದ ಹೆಂಡತಿ.
ಮೂರು ಭಾಷೆಯಲ್ಲಿ ಒಂದೇ ನೊಣ.
ನಾನು ತಲೆಯಾಡಿಸಿದೆ, ಕೇಳಿದವನ ಹಾಗೆ.

ಕೇಳಿಸಿರಲಿಲ್ಲ.
ಸಿಪ್ಕಾಟಿನಲ್ಲಿ ಹತ್ತೊಂಬತ್ತು ವರ್ಷ
ಇನ್ನೂರು ಟನ್ನಿನ ಪ್ರೆಸ್ಸಿನ ಪಕ್ಕ ನಿಂತವನು.
ಕಿವಿಗೆ ಹತ್ತಿ ಕೊಡುತ್ತಿದ್ದರು, ಆಡಿಟ್ ಇದ್ದ ದಿನ.
ಸಣ್ಣ ಸದ್ದುಗಳು ಒಂದೊಂದೇ ಕೆಲಸ ಬಿಟ್ಟವು:
ಮೊದಲು ಕೈಗಡಿಯಾರ, ಆಮೇಲೆ ಜೀರುಂಡೆ,
ಆಮೇಲೆ ಹೆಂಡತಿ ಹೆಸರಿನ ಮೊದಲಕ್ಷರ.
ಊರೆಲ್ಲ ಸಾಕಮ್ಮ ಅಂದರೆ ನನಗೆ ಆಕಮ್ಮ.
ಗಿರಾಕಿಗಳಿಗೆ ಇದು ಗೊತ್ತಿಲ್ಲ. ಗುರ್ರಪ್ಪನಿಗೆ ಗೊತ್ತು,
ಹೇಳೋನಲ್ಲ.

ಉದ್ದದ ಸ್ಕ್ರೂಡ್ರೈವರ್ ತಗೊಂಡು ಕಾರಿನ ಕೆಳಗೆ ತೂರಿದೆ.
ತುದಿ ಪಂಪಿನ ಮೈಗೆ, ಹಿಡಿ ಹಲ್ಲಿನ ನಡುವೆ.
ಸಿಕ್ಕಿತು:
ದವಡೆಯೊಳಗೆ ಜೇನು ಎದ್ದಿತು.

ತಪ್ಪು ಪಂಪಿನದಲ್ಲ.
ನೇರ ತಗಡಿಗೇ ಬೋಲ್ಟು ಬಿಗಿದಿದ್ದಾರೆ ಮಹರಾಯರು.
ಪಂಪು ತನ್ನಷ್ಟಕ್ಕೆ ಗೊಣಗುತ್ತೆ,
ತಗಡು ಅದನ್ನು ತಮಟೆ ಹೊಡೆದು ಸಾರುತ್ತೆ.
ಸಾಲದ್ದಕ್ಕೆ ಟ್ಯಾಂಕಿಗಿಂತ ಮೇಲೆ ಕೂರಿಸಿದ್ದಾರೆ.
ಪೆಟ್ರೋಲು ತಾನಾಗಿ ಇಳಿದು ಬಂದರೆ ಪಂಪಿಗೆ ನೆಮ್ಮದಿ,
ಎಳೆದು ಕುಡಿಯೋ ಹಾಗಾದರೆ ರಂಪ.

ಬ್ಯಾಟರಿ ತಂತಿ ಬಿಡಿಸಿ, ಬೀಡಿ ಸೇದೋರನ್ನು ಆಚೆ ಕಳಿಸಿ,
ಒಂದು ಗೇಣು ಕೆಳಗಿಳಿಸಿದೆ ಅದನ್ನು.
ಹಳೇ ಸ್ಕೂಟರಿನ ನಾಲ್ಕು ರಬ್ಬರ್ ಬುಶ್ಶು,
ಕಬ್ಬಿಣಕ್ಕೂ ಕಬ್ಬಿಣಕ್ಕೂ ಮಾತು ಬಿಡಿಸಲು.
ಗಟ್ಟಿ ಪೈಪು ಕತ್ತರಿಸಿ ನಡುವೆ ಒಂದು ಮೊಳ ಮೆತ್ತನೆಯದು.
ಗುರ್ರಪ್ಪ ಪ್ರೀತಿಯಿಂದ ಸ್ಪಂಜು ಸುತ್ತಿದ.
ಕಿತ್ತು ಬಿಸಾಕಿದೆ: ಒಂದು ಹನಿ ಪೆಟ್ರೋಲು ಬಿದ್ದರೆ
ಅದು ಸ್ಪಂಜಲ್ಲ, ಅಂಬಲಿ.

ಸ್ವಿಚ್ಚು ಹಾಕಿದೆ. ಹುಬ್ಬಿನಲ್ಲೇ ಕೇಳಿದೆ ಅವನನ್ನು.
ಕಣ್ಣು ಮುಚ್ಚಿ ನಿಂತು, "ಇಂಕಾ ಉಂದಿ" ಅಂದ.
ಇನ್ನೂ ಇದೆ.
ಬೆರಳು ಸವರುತ್ತಾ ಹೋದೆ ಪೈಪಿನುದ್ದಕ್ಕೂ.
ಆಕ್ಸಲ್ ಹತ್ತಿರ ಒಂದು ಕಡೆ ಬಣ್ಣ ಹೋಗಿ
ಹೊಸ ಎಂಟಾಣೆಯಷ್ಟು ಹೊಳೆಯುತ್ತಿತ್ತು ತಗಡು;
ಅಲ್ಲೇ ತಾಗುತ್ತಿದ್ದದ್ದು. ರಬ್ಬರ್ ಕ್ಲಾಂಪು, ಕೂದಲೆಳೆ ಸಂದು.
"ಲೇದು" ಅಂದ ಗುರ್ರಪ್ಪ.
ಸೀಟಿನ ಮೇಲೆ ಅಂಗೈ ಇಟ್ಟೆ. ಹೌದು, ಇರಲಿಲ್ಲ.
ನನ್ನ ಕಿವಿಗೆ ಮುಂಚೆಯೂ ಇರಲಿಲ್ಲ, ಆ ಮಾತು ಬೇರೆ.

ಮಾರನೇ ದಿನ ಮತ್ತೆ ಬಂದ ಕೋದಂಡರಾಮನ್.
"ಹಿಂದಿನ ಬಲಚಕ್ರ ಗೊರ್ ಅಂತದೆ. ಎಡಬಾಗಿಲು ಲಟಲಟ.
ನೀವು ಕೈ ಹಾಕೋ ಮುಂಚೆ ಇವೆಲ್ಲ ಇರಲಿಲ್ಲ."
ಇದ್ದವು ಸ್ವಾಮಿ. ಎಲ್ಲಾ ಇದ್ದವು.
ದೊಡ್ಡವನು ಸುಮ್ಮನಾದ ಮೇಲೆ
ಸಣ್ಣವರು ಬಾಯಿ ಬಿಟ್ಟಿದ್ದಾರೆ, ಅಷ್ಟೆ.

ಬಿಲ್ಲು ಬರೆಯೋದು ಗುರ್ರಪ್ಪ.
ಬುಶ್ಶು ನಾಲ್ಕು. ಕ್ಲಾಂಪು ಆರು. ಪೈಪು ಒಂದು ಮೊಳ.
ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.
ತೆಗೆದ ಹಳೇ ಸಾಮಾನಾದರೆ ಡಬ್ಬಿಯಲ್ಲಿ ಹಾಕಿ ಕೊಡಬಹುದು,
ಇದನ್ನು ಏನಂತ ತೋರಿಸೋದು?
ಕೊನೆಗೆ ಅವನೇ ಬರೆದ:
"ಕೇಳಿದ್ದಕ್ಕೆ, ನೂರೈವತ್ತು."
ಕೋದಂಡರಾಮನ್ ತಕರಾರಿಲ್ಲದೆ ಎಣಿಸಿಕೊಟ್ಟ.

ಆ ನೂರೈವತ್ತು ಗುರ್ರಪ್ಪನ ಜೇಬಿಗೇ ತುರುಕಿದೆ.
ಏನೋ ಅಂದ, ಬೇರೆ ಕಡೆ ನೋಡಿಕೊಂಡು.
ಸಾಕು ಅಂದನೋ, ಸಾಲದು ಅಂದನೋ.
ತಲೆಯಾಡಿಸಿದೆ.